ಲ್ಯಾಬ್ ಅಕ್ಕ ಬದಲಿಸುತ್ತಿದ್ದ ಸಾಲು

ಅವರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಚಿಕ್ಕಂದಿನಲ್ಲಿ ಹತ್ತಿ ಮಿಲ್ಲಿನ ಕಬ್ಬಿಣದ ಬಾಗಿಲಿಗೆ ಸಿಕ್ಕಿತ್ತಂತೆ. ಹಾಗಾಗಿ ಕೀಬೋರ್ಡನ್ನು ನಡುಬೆರಳಿನಿಂದಲೇ, ಬಾಗಿಲು ತಟ್ಟಿದ ಹಾಗೆ ಕುಟ್ಟುತ್ತಿದ್ದರು. ಆಂಧ್ರದ ಗಡಿಯೂರು ಆದೋನಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ಅವರು. ಎಲ್ಲರಿಗೂ ಲ್ಯಾಬ್ ಅಕ್ಕ.

ಓದಿದ್ದು ಹತ್ತನೇ ತರಗತಿ. ಆದರೂ ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರನ್ನು ಹೊಸದಾಗಿ ಹಾಕಿದಾಗಲೆಲ್ಲ ತಾವೇ ಕೂತು ಪುಟ್ಟ ಪ್ರೋಗ್ರಾಂ ಬರೆದು ನೋಡುವರು. ತೆರೆಯ ಮೇಲೆ ಮೂಡಬೇಕಾದ್ದು ಆ ದಿನ ಅವರ ಮನೆಯಲ್ಲಿ ಮಾಡಿದ ಅಡುಗೆಯ ಹೆಸರು: ಒಂದು ದಿನ ಪುಂಡಿಪಲ್ಯ, ಇನ್ನೊಂದು ದಿನ ಬದನೆಕಾಯಿ. ಆಮೇಲೆ ಬೇಕೆಂದೇ ಒಂದು ತಪ್ಪು ಬರೆದು, ಕಂಪೈಲರ್ ಅದನ್ನು ಹಿಡಿಯುತ್ತದೋ ಇಲ್ಲವೋ ನೋಡುವರು. ದೊಡ್ಡ ಡಿಗ್ರಿ ಹೊತ್ತು ಬಂದಿದ್ದ ನನಗೆ ನಗು ತಡೆಯುತ್ತಿರಲಿಲ್ಲ.

"ನಗ್ರಿ ಸಾರ್, ನಗ್ರಿ. ನಿನ್ನಿ ಮಾತೇ ಇವತ್ತೂ ಹೇಳಿದ್ರ ಅದು ಕೆಲಸ ಮಾಡಾಕತ್ತೈತಿ ಅಂತ ಹೆಂಗ ನಂಬಾದು?"

ನನ್ನದು ತಾತ್ಕಾಲಿಕ ನೌಕರಿ. ಪ್ರಾಕ್ಟಿಕಲ್ ಪರೀಕ್ಷೆ ಎಡವಟ್ಟಿಲ್ಲದೆ ನಡೆದರೆ ಮಾತ್ರ ಮುಂದುವರಿಸುತ್ತೇನೆಂದು ಪ್ರಿನ್ಸಿಪಾಲರು ಮುಖಕ್ಕೇ ಹೇಳಿದ್ದರು. ಪರೀಕ್ಷೆಯ ಹಿಂದಿನ ದಿನ ಅಕ್ಕ ರಜೆಯಲ್ಲಿದ್ದರು. ಮೂವತ್ತು ಕಂಪ್ಯೂಟರಿಗೂ ಹೊಸ ಕಂಪೈಲರ್ ನಾನೇ ಹಾಕಿದೆ. ಒಂದರಲ್ಲಿ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿ, ಆ ಫೋಲ್ಡರನ್ನೇ ಉಳಿದವಕ್ಕೆ ಕಾಪಿ ಮಾಡಿ ಓಡಿಸಿದೆ. ಮೂವತ್ತೂ 'ಹಲೋ' ಎಂದವು. ಎಲ್ಲ ಸಿದ್ಧ ಎಂದುಕೊಂಡು ಮನೆಗೆ ಹೋದೆ.

ಮರುದಿನ ಹತ್ತಕ್ಕೆ ಪರೀಕ್ಷೆ. ಒಂಬತ್ತಕ್ಕೇ ಪೆದ್ದಹರಿವಾಣಂ ಬಸ್ಸಿನ ಮಕ್ಕಳು ವರಾಂಡದಲ್ಲಿ ಪುಸ್ತಕ ತಿರುವುತ್ತಿದ್ದರು. ಅಕ್ಕ ಎರಡನೇ ಕಂಪ್ಯೂಟರಿನ ಮುಂದೆ ಕೂತು, ನನ್ನ 'ಹಲೋ' ಅಳಿಸಿ, 'ಹೆಸರುಬೇಳೆ' ಎಂದು ಬರೆದು ಓಡಿಸಿದರು. ಮತ್ತೆ 'ಹಲೋ' ಬಂತು.

"ಸಾರ್, ಇದು ನಿಮ್ಮ ಹಳೇ ಮಾತೇ ಹೇಳಾಕತ್ತೈತಿ."

ಮೊದಲ ಕಂಪ್ಯೂಟರಿನಲ್ಲಿ ತಯಾರಾದ ಫೈಲೇ ಎಲ್ಲ ಕಡೆಯೂ ಓಡುತ್ತಿತ್ತು. ಉಳಿದ ಇಪ್ಪತ್ತೊಂಬತ್ತರಲ್ಲಿ ಕಂಪೈಲರ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತೋರಿಸುವ ದಾರಿಯನ್ನೇ ನಾನು ಬರೆದಿರಲಿಲ್ಲ. ಅವುಗಳಲ್ಲಿ ಒಂದರಲ್ಲೂ ಹೊಸ ಪ್ರೋಗ್ರಾಂ ಕಂಪೈಲ್ ಆಗುತ್ತಿರಲಿಲ್ಲ.

"ಗಾಬರಿ ಬ್ಯಾಡ್ರಿ. ಆ ಕಡಿಂದ ನೀವು, ಈ ಕಡಿಂದ ನಾನು."

ಅವಸರದಲ್ಲಿ ನಾನು ಒಂದೊಂದಕ್ಕೂ ಎರಡು ಸಲ ತಪ್ಪಿದೆ. ಪರೀಕ್ಷಕರು ಬಂದಾಗ ಇನ್ನೂ ಆರು ಉಳಿದಿದ್ದವು. ಮುಗಿಯುವಾಗ ಹತ್ತೂ ಇಪ್ಪತ್ತು. ಪ್ರಿನ್ಸಿಪಾಲರು ಕೆಂಡವಾಗಿದ್ದರು.

"ಎವರು ಚೆಕ್ ಚೇಶಾರು? ಯಾರು ನೋಡಿದ್ದು ಇದನ್ನ?"

"ನಾನೇ ಸಾರ್. ಚೆಕ್ ಮಾಡಾದು ನನ್ನ ಕೆಲಸ, ತಪ್ಪು ನಂದು," ಎಂದರು ಅಕ್ಕ.

ನಾನು ಬಾಯಿ ಬಿಡಲಿಲ್ಲ. ಅಕ್ಕನಿಗೆ ಕಾರಣ ಕೇಳುವ ಮೆಮೊ ಬಂತು, ನನ್ನ ಕೆಲಸ ಉಳಿಯಿತು. ಸಂಜೆ ಅವರೆದುರು ತಲೆ ತಗ್ಗಿಸಿ ನಿಂತಾಗ, "ನಂದು ಪರ್ಮನೆಂಟ್ ನೌಕರಿ ಸಾರ್, ಒಂದು ಕಾಗದಕ್ಕ ಏನೂ ಆಗಾಂಗಿಲ್ಲ. ಮಕ್ಕಳು ಪರೀಕ್ಷೆ ಬರದ್ರಲ್ಲ, ಸಾಕು," ಎಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ಹೇಡಿ ನಾನು. ಅವರು ನಿವೃತ್ತರಾದ ದಿನ ಶಾಲು ಹೊದಿಸಿ ಭಾಷಣ ಮಾಡಿದಾಗಲೂ ಆ ದಿನದ ನಿಜ ಹೇಳಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಮಗಳು ನೀರು ಕೊಟ್ಟು, ಮೆಲ್ಲಗೆ ಕೇಳಿದಳು: "ಅಷ್ಟು ವರ್ಷದ ನೌಕರಿಯೊಳಗ ಅಮ್ಮಗ ಒಂದಾ ಒಂದು ಮೆಮೊ ಬಂದಿತ್ತಂತ. ಏನು ತಪ್ಪು ಮಾಡಿದ್ಲು ಸಾರ್? ಕೇಳಿದ್ರ ಹೇಳ್ತಿದ್ದಿಲ್ಲ."

ಲೋಟ ಕೆಳಗಿಟ್ಟೆ.

"ಅಕ್ಕ ಏನೂ ಮಾಡಿದ್ದಿಲ್ಲಮ್ಮ," ಎಂದೆ. "ಆ ತಪ್ಪು ನಂದು."