ಬರೆಸಿಕೊಳ್ಳದ ವರದಿ

ಲಿಲ್ಲಿ ಅವರೇ, ನೀವು ಮನೆ ಕೊಳ್ಳುವಾಗ ನಿಮ್ಮ ಬ್ಯಾಂಕಿಗೆ ನಾನು ಸುಳ್ಳು ಹೇಳಿದೆ. ಸುಳ್ಳು ಎನ್ನಲೇ? ಅಲ್ಲೇ ನನಗೆ ಗೊಂದಲ — ಬರೆದದ್ದನ್ನು ಎಷ್ಟು ಸಲ ಓದಿದರೂ ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ನಿಮಗೆ ಮೋಸವಾಗಿದೆ, ಮಾಡಿದವನು ನಾನೇ.

ಊರು ಬಿಟ್ಟು ಬಂದು ನಾವೆಲ್ಲ ನೆಲೆಸಿರುವ ಅಲ್ ಹೈಲ್‌ನ ಈ ವಸತಿ ಸಮುಚ್ಚಯದ ಮಾಲೀಕರ ಸಂಘಕ್ಕೆ ಆಗಲೂ ಈಗಲೂ ನಾನೇ ಕಾರ್ಯದರ್ಶಿ. ಯಾರಾದರೂ ಸಾಲ ಮಾಡಿ ಇಲ್ಲಿ ಮನೆ ಕೊಂಡರೆ ಬ್ಯಾಂಕು ಸಂಘವನ್ನು ಕೇಳುತ್ತದೆ: ಕಟ್ಟಡಕ್ಕೆ ದೊಡ್ಡ ರಿಪೇರಿ ಬೇಕೆಂದು ಇಂಜಿನಿಯರ್ ವರದಿ ಏನಾದರೂ ಇದೆಯೇ? ನಿಮ್ಮ ವಿಷಯದಲ್ಲಿ ‘ಇಲ್ಲ’ ಎಂದು ಬರೆದು ಮೊಹರು ಒತ್ತಿದೆ. ನಿಜವಾಗಿ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ನೀವು ಬರುವ ಮೊದಲು ಒಬ್ಬ ಇಂಜಿನಿಯರ್ ನಿಮ್ಮ ಸಾಲಿನ ಬಾಲ್ಕನಿಗಳನ್ನು ತಟ್ಟಿ ನೋಡಿ, ಸಮುದ್ರದ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ, ಒಡೆದು ಕಟ್ಟಬೇಕು ಎಂದಿದ್ದರು. ವರದಿ ಬರೆಯಲು ಹೊರಟವರನ್ನು ನಾನೇ ತಡೆದೆ.

“ಬರೆಯೋದೆಲ್ಲ ಬೇಡ ಸಾರ್. ಬಾಯಲ್ಲಿ ಹೇಳಿದ್ರಲ್ಲ, ಖಲಾಸ್.”

ಬರೆದರೆ ಯಾವ ಬ್ಯಾಂಕೂ ಇಲ್ಲಿಗೆ ಸಾಲ ಕೊಡದು, ಎಲ್ಲರ ಮನೆಯ ಬೆಲೆ ಇಳಿದೀತು — ನನ್ನ ಮನೆಯದೂ. ಬಿರುಕುಗಳಿಗೆ ಸಿಮೆಂಟು ಮೆತ್ತಿಸಿ ಬಣ್ಣ ಹೊಡೆಸಿದೆವು.

ಆಮೇಲೆ ನೀವು ಬಂದಿರಿ. “ಪ್ರಸಾದಣ್ಣ, ಬಿಲ್ಡಿಂಗಿಗೆ ಎಂತ ತೊಂದರೆ ಇಲ್ಲ ಅಲ್ವಾ? ನೀವು ಹೇಳಿದ್ರೆ ನಮ್ಗೆ ಧೈರ್ಯ ಮಾರಾಯ್ರೆ” ಎಂದಿರಿ.

“ಕಾಗದದ ಮೇಲೆ ಏನೂ ಇಲ್ಲಮ್ಮ, ಧೈರ್ಯವಾಗಿ ತಗೊಳ್ಳಿ” ಎಂದೆ.

ಗೃಹಪ್ರವೇಶದ ದಿನ ನೀವು ಕಳಿಸಿದ ಕೇಕನ್ನು ತಿಂದೆ ಕೂಡ. ನೀವು ಬಾಲ್ಕನಿಯಲ್ಲಿ ಸಾಲಾಗಿ ಹೂಕುಂಡಗಳನ್ನು ಇಟ್ಟಾಗ ಆ ಭಾರವನ್ನು ಅದು ತಡೆಯದೆಂದು ಹೆದರಿದೆ. ಎರಡಕ್ಕಿಂತ ಹೆಚ್ಚು ಇಡಬಾರದೆಂಬುದು ಸಂಘದ ನಿಯಮ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಪಾಪ, ಉಳಿದವನ್ನು ಒಳಗೆ ಒಯ್ದಿರಿ. ಅದನ್ನೇ ಕಾಳಜಿ ಎಂದುಕೊಂಡೆನಲ್ಲ, ನನಗೆ ನಾಚಿಕೆಯಾಗುತ್ತದೆ. ನಿಮ್ಮ ಅತ್ತೆ ಸಂಜೆ ಅಲ್ಲೇ ಕುರ್ಚಿ ಹಾಕಿ ಕೂರುತ್ತಾರೆ — ಅವರಿಗೆ ಯಾವ ನಿಯಮ ಹೇಳಲಿ?

ಈಗ ನಿಮ್ಮ ಯಜಮಾನರ ಕೆಲಸ ಹೋಗಿ ಊರಿಗೆ ಹೊರಟಿದ್ದೀರಿ. ಮನೆ ಮಾರಿದರೆ ಮಾತ್ರ ನಿಮ್ಮ ಸಾಲ ತೀರುತ್ತದೆ. ಕೊಳ್ಳುವವರೂ ಸಿಕ್ಕಿದ್ದಾರೆ, ಅಲ್ ಗುಬ್ರಾದ ದಂಪತಿ, ಚಿಕ್ಕ ಮಗುವಿದೆ. ಅವರ ಬ್ಯಾಂಕು ನನಗೆ ಅದೇ ಪ್ರಶ್ನೆ ಕಳಿಸಿದೆ. ‘ಇದೆ’ ಎಂದರೆ ಮಾರಾಟ ಮುರಿಯುತ್ತದೆ, ನನ್ನ ತಪ್ಪಿಗೆ ಮತ್ತೆ ನೀವೇ ದಂಡ ತೆರುತ್ತೀರಿ. ‘ಇಲ್ಲ’ ಎಂದರೆ ಆ ಮಗು... ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಆ ದಿನ ನಿಮಗೆ ಬೇಗ ಸಾಲ ಸಿಗಲೆಂದು ಮೊಹರು ಒತ್ತಿದೆನೋ, ನನ್ನ ಮನೆಯ ಬೆಲೆ ಉಳಿಯಲೆಂದೋ — ಈಗ ಅದೂ ತಿಳಿಯುತ್ತಿಲ್ಲ.

ಇಂದಿನಿಂದ ಯಾರೂ ಬಾಲ್ಕನಿಗೆ ಹೋಗಬೇಡಿ. ಇಂಜಿನಿಯರನ್ನು ಮತ್ತೆ ಕರೆಸಿ, ಈ ಸಲ ಬರೆದೇ ಕೊಡಿ ಎಂದು ಕೇಳಿ ಪಡೆದಿದ್ದೇನೆ. ನಾಳೆ ಅದು ಬ್ಯಾಂಕಿಗೆ ಹೋಗುತ್ತದೆ. ನಿಮ್ಮ ಮಾರಾಟ ಮುರಿಯುವುದು ನನ್ನ ಕೈಯಿಂದಲೇ, ಲಿಲ್ಲಿ ಅವರೇ — ಅದನ್ನು ನೀವು ಬೇರೆಯವರಿಂದ ಕೇಳಬಾರದು.