ಆರನೇ ಟ್ಯಾಂಕಿನ ಸಾರ್

ಅವರ ಬೆರಳ ತುದಿಗಳು ವರ್ಷವಿಡೀ ನೇರಳೆ ಬಣ್ಣಕ್ಕಿರುತ್ತಿದ್ದವು. ಉಗುರಿನ ಸುತ್ತ ಕುಳಿತ ದ್ರಾಕ್ಷಿ ಸಿಪ್ಪೆಯ ಕಲೆ ಸೋಪಿಗೂ ಹೋಗುತ್ತಿರಲಿಲ್ಲ, ನಿಂಬೆಹಣ್ಣಿಗೂ ಹೋಗುತ್ತಿರಲಿಲ್ಲ. ಜರಗನಹಳ್ಳಿಯ ನಮ್ಮ ಮನೆಯಿಂದ ಸ್ವಲ್ಪ ದೂರ, ಕನಕಪುರ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ವೈನ್ ಮಾಡುತ್ತಿದ್ದರು, ನಾನು ಬಾಟಲಿಗಳಿಗೆ ಲೇಬಲ್ ಅಂಟಿಸುತ್ತಿದ್ದೆ. ನಾವೆಲ್ಲ ಅವರನ್ನು ಸಾರ್ ಎನ್ನುತ್ತಿದ್ದೆವು.

ಶ್ರೀನಗರದಿಂದ ಎರಡು ಬಸ್ಸು ಬದಲಿಸಿ ಬರುವರು. ಡಬ್ಬಿಯಲ್ಲಿ ದಿನವೂ ಮೊಸರನ್ನ. ದ್ರಾಕ್ಷಿ ಲಾರಿ ಬಂದರೆ ಕ್ರೇಟಿನ ತಳದ ಗೊಂಚಲನ್ನೇ ಎಳೆದು, ಒಂದು ಹಣ್ಣು ಬಾಯಿಗೆ ಹಾಕಿ ಬೀಜ ಕಚ್ಚುವರು. "ಇನ್ನೊಂದು ವಾರ ಬಳ್ಳೀಲೇ ಇರ್ಬೇಕಿತ್ತು ಇದು" ಎನ್ನುವರು. ಅವರ ಬೈಗುಳವೆಂದರೆ ಅಷ್ಟೇ.

ಒಮ್ಮೆ ಜ್ವರ ಬಂದು ಮೂರು ವಾರ ಮಲಗಿದರು. ವಾಪಸು ಬಂದವರು ನನ್ನನ್ನು ಟ್ಯಾಂಕುಗಳ ಹತ್ತಿರ ಕರೆದು ಗ್ಲಾಸು ಕೊಟ್ಟರು.

"ಏನು ವಾಸನೆ ಬರ್ತಿದೆ ಹೇಳಮ್ಮ."

"ನೇರಳೆ ಹಣ್ಣು ಸಾರ್. ಆಮೇಲೆ ಒದ್ದೆ ಮಣ್ಣು."

"ನನಗೇನೂ ಬರ್ತಿಲ್ಲ. ಜ್ವರದ ಜೊತೆ ಮೂಗೂ ಹೋಯ್ತು. ಡಬ್ಬಿ ತೆಗೆಯೋ ಮುಂಚೇನೇ ಯಾರ ಮನೆ ಹುಳಿ ಅಂತ ಹೇಳ್ತೀಯಲ್ಲ, ಅದಕ್ಕೇ ನಿನ್ನ ಕರೆದೆ. ಯಾರಿಗೂ ಹೇಳ್ಬೇಡ."

ಒಂದು ವರ್ಷ ನಾನು ಮೂಸಿದೆ, ಅವರು ಕಲಿಸಿದರು. ಕೊಳೆತ ಮೊಟ್ಟೆ ನಾತ ಬಂದರೆ ಯೀಸ್ಟಿಗೆ ಹಸಿವು, ವಿನಿಗರ್ ಬಂದರೆ ಒಳಗೆ ಗಾಳಿ ಹೊಕ್ಕಿದೆ, ನೇಲ್ ಪಾಲಿಶ್ ಬಂದರೆ ವೈನೇ ಕೆಟ್ಟಿದೆ. "ಚೆನ್ನಾಗಿದೆ ಅನ್ಬೇಡ. ಏನಿದೆ ಅಷ್ಟು ಹೇಳು" ಎನ್ನುತ್ತಿದ್ದರು.

ಆರನೇ ಟ್ಯಾಂಕು ಬಾಟಲಿಗೆ ಹೋಗುವ ದಿನ ಬಾಟಲಿ ತೊಳೆದಾಗಿತ್ತು, ಕಾರ್ಕು ಬಂದಿತ್ತು, ರಟ್ಟಿನ ಪೆಟ್ಟಿಗೆಗಳು ಸೂರಿನ ತನಕ ನಿಂತಿದ್ದವು.

"ನೇಲ್ ಪಾಲಿಶ್ ವಾಸನೆ ಸಾರ್."

"ಇನ್ನೊಂದ್ಸಲ ನೋಡು."

ನೋಡಿದೆ. ಅದೇ. ಸಾರ್ ಬಾಟಲಿ ತುಂಬುವುದನ್ನು ನಿಲ್ಲಿಸಿದರು. ಓನರ್ ಕೆಳಗಿಳಿದು ಬಂದು ತಾವೇ ಮೂಸಿದರು.

"ನನಗೇನೂ ಗೊತ್ತಾಗ್ತಿಲ್ವಲ್ರೀ. ನೀವು ಮೂಸಿ ನೋಡಿದ್ರಾ?"

ಸಾರ್ ಹೂಂ ಎಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ. ನನಗೆ ವಾಸನೆ ತಿಳಿಯಲ್ಲ, ವರ್ಷ ಆಯ್ತು. ಹೇಳಿದ್ದು ಈಕೆ. ಈಕೆ ಹೇಳಿದ್ರೆ ಸರಿ ಇರತ್ತೆ."

ಓನರ್ ನನ್ನನ್ನೂ ನನ್ನ ಕೈಯಲ್ಲಿದ್ದ ಲೇಬಲ್ ಸುರುಳಿಯನ್ನೂ ನೋಡಿದರು. ಸ್ಯಾಂಪಲ್ ಲ್ಯಾಬಿಗೆ ಹೋಯಿತು. ರಿಪೋರ್ಟ್ ಬರುವ ಮೊದಲೇ ಸಾರ್ ಅವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಗೇಟಿನ ಹತ್ತಿರ ಕೇಳಿದೆ: "ಹೂಂ ಅನ್ಬಹುದಿತ್ತಲ್ಲ ಸಾರ್?"

"ಅಂದಿದ್ರೆ ನನ್ನ ಮಾತಿಗೆ ಟ್ಯಾಂಕ್ ನಿಂತಿರೋದು. ನಿನ್ನ ಮಾತು ನಿಲ್ತಿರಲಿಲ್ಲ."

ಲ್ಯಾಬಿನವರು ನಾನು ಹೇಳಿದ್ದನ್ನೇ ಬರೆದು ಕಳಿಸಿದರು. ಓನರ್ ನನ್ನನ್ನು ಸಾರ್ ಕೂರುತ್ತಿದ್ದ ಮೇಜಿಗೆ ಕೂರಿಸಿದರು. ಅವರನ್ನು ವಾಪಸು ಕರೆಯಲಿಲ್ಲ. ಕರೆಯಿರಿ ಎಂದು ನಾನೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ, ಸಾರ್ ಹೋಗಿಬಿಟ್ಟರು ಎಂದು ಫೋನ್ ಬಂತು. ಶ್ರೀನಗರದ ಮನೆಯ ಹಜಾರದಲ್ಲಿ ಅವರನ್ನು ಮಲಗಿಸಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು, "ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು ಒಗ್ಗರಣೆ ವಾಸನೆ ಹೇಗಿದೆ ಹೇಳೇ ಅಂತ ಕೇಳೋರು" ಎಂದರು. ನಾನು ತಲೆಯಾಡಿಸಿದೆ. ಅಳು ಬರಲಿಲ್ಲ. ಆಮೇಲೆ ಬಸ್ಸು ಹಿಡಿದು ಕೆಲಸಕ್ಕೇ ಹೋದೆ.

ಅಲ್ಲಿ ಹೊಸ ಟ್ಯಾಂಕೊಂದು ಬಾಟಲಿಗೆ ಹೋಗಬೇಕಿತ್ತು. ಓನರ್ ಸಮೇತ ಎಲ್ಲರೂ ನನ್ನ ಬಾಯಿ ನೋಡುತ್ತ ನಿಂತಿದ್ದರು. ಮೂಸಿದೆ, ವಿನಿಗರ್ ಬಂತು. ಬೇಡ ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ.