ತೋಳಿನ ಮೂರು ಮಡಿಕೆ

ಹೊಲಿಗೆ ಯಂತ್ರದ ಎಣ್ಣೆಯೂ ಬೇಯಿಸಿ ಒಣಗಿಸಿದ ಅರಿಶಿನವೂ ಸೇರಿದರೆ ಬರುವ ವಾಸನೆಯೊಂದಿದೆ. ನಮ್ಮ ಬೇಗೂರಿನ ಮನೆಯ ನಡುಮನೆಯಲ್ಲಿ ಸದಾ ಅದೇ ತುಂಬಿರುತ್ತಿತ್ತು. ರಸ್ತೆ ಅಗಲವಾದಾಗ ಆ ಮನೆ ಹೋಯಿತು. ಮೊನ್ನೆ ಗುಂಡ್ಲುಪೇಟೆಯ ನನ್ನ ಮನೆಯಲ್ಲಿ, ಮಗಳಿಗೆ ಯುಗಾದಿಗೊಂದು ಬಣ್ಣಬಣ್ಣದ ಕೋಟು ಹೊಲಿಯೋಣವೆಂದು ಅವ್ವನ ಟ್ರಂಕು ತೆರೆದರೆ ಅದೇ ವಾಸನೆ ಎದ್ದು ಬಂತು. ನಿಮ್ಮ ಮನೆಯಲ್ಲೂ ಇಂಥದೊಂದು ಟ್ರಂಕು ಇದ್ದೀತು. ತೆರೆಯುವ ಮುನ್ನ ನೀವೂ ಹಿಂದೆಮುಂದೆ ನೋಡಿರಬಹುದು.

ನಾನಾಗ ಒಂಬತ್ತರ ಹುಡುಗಿ. ಯುಗಾದಿ ಕಳೆದ ಮೂರನೆಯ ದಿನ ಅವ್ವ ಮೈಸೂರಿನ ಆಸ್ಪತ್ರೆಗೆ ಆಪರೇಷನ್ನಿಗೆ ಹೋಗಬೇಕಿತ್ತು. ನನಗೆ ಯಾರೂ ಹೇಳಿರಲಿಲ್ಲ. ಆದರೆ ಮುಚ್ಚಿಟ್ಟ ಮಾತು ಮಕ್ಕಳ ಕಿವಿಗೇ ಮೊದಲು ಬೀಳುತ್ತದೆ. ಅಷ್ಟರೊಳಗೆ ನನಗೊಂದು ಕೋಟು ಹೊಲಿದು ಮುಗಿಸಲೇಬೇಕೆಂದು ಅವ್ವ ಹಟ ಹಿಡಿದಿದ್ದಳು. ಅರಿಶಿನ ಕುಂಕುಮಕ್ಕೆ ಹೋದ ಮನೆಗಳಲ್ಲೆಲ್ಲ ಕೊಟ್ಟ ರವಿಕೆ ಕಣಗಳು ಟ್ರಂಕಿನಲ್ಲಿದ್ದವು. ಬದನೆ ಬಣ್ಣದ್ದು ಬೆನ್ನಿಗೆ, ಚೆಂಡುಹೂವಿನ ಬಣ್ಣದ್ದು ಎದೆಗೆ ಎನ್ನುತ್ತ ನೆಲದ ಮೇಲೆ ಹರಡುವಳು, ಮಡಿಸುವಳು, ಮತ್ತೆ ಹರಡುವಳು. ತೋಳಿಗೆ ಗಿಳಿಹಸಿರಿನ ಕಣ. ಅದು ಚಂದಕವಾಡಿಯ ಅವಳ ತವರಿನದು. ಬೇರೆ ಕಣಗಳನ್ನು ಮನೆಗೆ ಬಂದವರಿಗೆ ದಾಟಿಸಬಹುದು, ತವರಿನದನ್ನು ಕೊಡುವಂತಿಲ್ಲ. ಅದಕ್ಕೆ ಕತ್ತರಿ ಹಾಕಲು ಅವಳಿಗೆ ಕೈಯೇ ಬಾರದು. ಮಂಗಳವಾರ ಬೇಡ, ಶುಕ್ರವಾರ ಬೇಡ ಎನ್ನುವಷ್ಟರಲ್ಲಿ ದಿನಗಳು ಕರಗುತ್ತಿದ್ದವು. ನಾನು ಕ್ಯಾಲೆಂಡರಿನ ಕೆಳಗೇ ದಿನ ಎಣಿಸುತ್ತ ಕೂತಿರುತ್ತಿದ್ದೆ.

"ಶಿವರಾತ್ರಿಗೇ ಚಳಿ ಶಿವ ಶಿವಾ ಅಂತ ಓಗ್ಬುಡ್ತು. ಈಗ್ಯಾಕೆ ಕೋಟು? ಸುಮ್ಕೆ ಮನೀಕೊ" ಎಂದು, ನಮ್ಮಲ್ಲೇ ಇದ್ದ ಸೋದರತ್ತೆ ಗದರುತ್ತಿದ್ದಳು.

"ಮುಂದ್ಲ ಚಳೀಗೂ ಬೇಕಲ್ಲ ಅತ್ಗೆ" ಎನ್ನುವಳು ಅವ್ವ.

ಕೊನೆಗೊಂದು ಬುಧವಾರ ಕತ್ತರಿ ಆಡಿತು. ಹೊಲಿದು ತೊಡಿಸಿ ನೋಡಿದರೆ ತೋಳು ನನ್ನ ಬೆರಳು ದಾಟಿ ಇಳಿಬಿದ್ದಿತ್ತು. ಅವ್ವ ಅದನ್ನು ಒಳಕ್ಕೆ ಮೂರು ಮಡಿಕೆ ಮಡಿಸಿ ಕೈಹೊಲಿಗೆ ಹಾಕಿದಳು. "ಬೆಳೆಯೋ ಮೈ ಕಣಮ್ಮಿ ನಿಂದು. ವರ್ಷಕ್ಕೊಂದು ಮಡಿಕೆ ಬುಟ್ಕೊ. ಈ ತುದೀಲಿ ದಾರ ಎಳುದ್ರೆ ಸಾಕು, ಬಂದ್ಬುಡ್ತದೆ."

"ನೀನೇ ಬಿಚ್ಚವ್ವ" ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು.

ನನ್ನ ತಲೆಯೊಳಗೆ ಆಗಲೇ ಕೂತುಬಿಟ್ಟಿತು: ಮೂರು ಮಡಿಕೆ ಎಂದರೆ ಅವ್ವನಿಗೆ ಇನ್ನು ಮೂರು ವರ್ಷ ಆಯುಸ್ಸು, ಒಂದು ಬಿಚ್ಚಿದರೆ ಒಂದು ಹೋಯಿತು. ಅವ್ವ ಆಸ್ಪತ್ರೆಯಿಂದ ಅರ್ಧವಾಗಿ ಬಂದಳು, ಆದರೆ ಬಂದಳು. ಮರುವರ್ಷ ಅವಳು ತೋಳು ಹಿಡಿದು ದಾರ ಹುಡುಕಿದಾಗ ನಾನು ಮನೆ ಹಾರಿಹೋಗುವಂತೆ ಅತ್ತುಬಿಟ್ಟೆ. ಕೋಟು ಅವುಚಿಕೊಂಡು ರಾಗಿ ಚೀಲಗಳ ಹಿಂದೆ ಅಡಗಿದೆ. "ಕೈ ಅರ್ಧ ಆಚ್ಗೆ ಬಂದೈತೆ, ಎಂಥ ಹಟಮಾರಿನಪ್ಪ ಇವ್ಳು" ಎಂದು ಸೋದರತ್ತೆ ಬೈದಳು. ಶಾಲೆಯಲ್ಲಿ ನಕ್ಕರು. ಮಣಿಕಟ್ಟು ಬಿಟ್ಟುಕೊಂಡೇ ಇನ್ನೆರಡು ವರ್ಷ ತೊಟ್ಟೆ. ಕಾರಣ ಮಾತ್ರ ಬಾಯಿಬಿಡಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆಂಬ ಭಯ. ಅವ್ವ ಕೇಳಲೂ ಇಲ್ಲ. ಕೋಟನ್ನು ತೊಳೆದು, ಮಡಿಸಿ, ಟ್ರಂಕಿನಲ್ಲಿಟ್ಟಳು.

ಅವ್ವ ಮೂರಲ್ಲ, ಮೂವತ್ತು ವರ್ಷ ಬದುಕಿದಳು. ನನ್ನ ಆ ಹಟವೇ ಅವಳನ್ನು ಉಳಿಸಿತೆಂದು ಇವತ್ತಿಗೂ ಅರ್ಧ ನಂಬುತ್ತೇನೆ, ನಗಬೇಡಿ. ಹೋದ ಕಾರ್ತೀಕದಲ್ಲಿ ಹೊರಟುಹೋದಳು.

ಈಗ ನಾನೂ ಕಣಗಳನ್ನು ಹರಡುತ್ತೇನೆ, ಮಡಿಸುತ್ತೇನೆ, ಯಾವ ವಾರವೂ ಸರಿ ಕಾಣುವುದಿಲ್ಲ. ಮಗಳ ತೋಳಿಗೆ ಎಷ್ಟು ಮಡಿಕೆ ಬಿಡಲಿ ಎಂದು ಯೋಚಿಸಿ ಕತ್ತರಿ ಕೆಳಗಿಡುತ್ತೇನೆ. ಟ್ರಂಕಿನ ತಳದಲ್ಲಿ ಆ ಹಳೆಯ ಕೋಟಿತ್ತು. ತೋಳಿನ ಹಸಿರು ನಾನು ತೊಟ್ಟು ತಿರುಗಿದ ಬಿಸಿಲಿಗೆ ಒಣಹುಲ್ಲಾಗಿತ್ತು.

"ಇದನ್ಯಾಕಮ್ಮ ಬಿಚ್ಚೇ ಇಲ್ಲ?" ಎಂದು ಮಗಳು ಕೇಳಿದಳು.

ಅವ್ವ ತೋರಿಸಿದ್ದ ತುದಿಯಲ್ಲೇ ದಾರ ಎಳೆದೆ. ಅವಳು ಹೇಳಿದಂತೆಯೇ ಬಂದುಬಿಟ್ಟಿತು. ಮಡಿಕೆಯೊಳಗೆ ಚಂದಕವಾಡಿಯ ಗಿಳಿಹಸಿರು ನಿನ್ನೆ ತಂದಂತಿತ್ತು. ಎರಡನೆಯದನ್ನು ಬಿಚ್ಚಿದೆ. ಮೂರನೆಯದನ್ನೂ ಬಿಚ್ಚಿದೆ. ಬಿಚ್ಚದೆ ನಾನು ಉಳಿಸಿಕೊಳ್ಳಬೇಕಾದ ಅವ್ವನೇ ಇರಲಿಲ್ಲವಲ್ಲ.